ಚೆಂಡನ್ನು ಎತ್ತುವುದು ಕ್ಲಬ್‌ನ ಕೆಲಸ: ಗಾಲ್ಫ್ ಕಲಿಯುವ ಹೊಸಬರಿಗೆ

ಗಾಲ್ಫ್‌ಗೆ ಹೊಸದಾಗಿ ಬಂದವರು ಚೆಂಡನ್ನು ಮೇಲಕ್ಕೆ ಹಾರಿಸಬೇಕಲ್ಲ ಎಂದು ಅದರ ಅಡಿಗೆ ಕ್ಲಬ್ (ಚೆಂಡು ಹೊಡೆಯುವ ಕೋಲು) ತೂರಿಸಿ ಕೆರೆದೆತ್ತಲು ಹೋಗುತ್ತಾರೆ. ಮೈ ಹಿಂದಕ್ಕೆ ವಾಲುತ್ತದೆ. ಕ್ಲಬ್ ಒಂದೋ ಚೆಂಡಿಗಿಂತ ಮೊದಲೇ ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಚೆಂಡಿನ ನೆತ್ತಿಗೆ ತಾಗಿ ಅದು ಹುಲ್ಲಿನ ಮೇಲೆ ಉರುಳಿ ಹೋಗುತ್ತದೆ. ಇಷ್ಟೆಲ್ಲ ಕಷ್ಟ ಬೇಕಾಗಿಲ್ಲ. ಕ್ಲಬ್‌ನ ಮುಖ ಹಿಂದಕ್ಕೆ ಒರಗಿಕೊಂಡೇ ಇರುತ್ತದೆ; ಆ ಓರೆಗೆ ಲಾಫ್ಟ್ ಎನ್ನುತ್ತಾರೆ. ಚೆಂಡನ್ನು ಮೇಲೇರಿಸುವುದು ಲಾಫ್ಟ್. ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಹಿಡಿದಾಗ ನೀವು ಇಳಿಮುಖವಾಗಿ, ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗುವಂತೆ ಬೀಸಿದರೆ ಸಾಕು.

ಮುಂದೆ ಹೇಳುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡಬಲ ಅದಲುಬದಲು ಮಾಡಿಕೊಳ್ಳಿ.

ಯಾವ ಕ್ಲಬ್ ಬೇಕು

ನಿಯಮದ ಪ್ರಕಾರ ಬ್ಯಾಗ್‌ನಲ್ಲಿ ಗರಿಷ್ಠ 14 ಕ್ಲಬ್ ಇರಬಹುದು. ಹೊಸಬರಿಗೆ ಅದರ ಅರ್ಧ ಧಾರಾಳವಾಯಿತು: ಡ್ರೈವರ್ (ಅತಿ ದೂರ ಹೊಡೆಯಲು), 5 ವುಡ್ (ದಪ್ಪ ತಲೆಯದು), ಒಂದು ಹೈಬ್ರಿಡ್ (ವುಡ್ ಮತ್ತು ಐರನ್ ನಡುವಿನದು), 7 ಐರನ್, 9 ಐರನ್, ಸ್ಯಾಂಡ್ ವೆಡ್ಜ್ (ಮರಳಿನಿಂದ ಚೆಂಡು ಎತ್ತಲು), ಪಟರ್ (ಕುಳಿಯ ಬಳಿ ಚೆಂಡು ಉರುಳಿಸಲು). ಮೊದಲ ಕೆಲವು ವಾರ 7 ಐರನ್ ಮತ್ತು ಪಟರ್ ಎರಡೇ ಇದ್ದರೂ ನಷ್ಟವಿಲ್ಲ.

ಸಂಖ್ಯೆ ಹೆಚ್ಚಿದಷ್ಟೂ ಲಾಫ್ಟ್ ಹೆಚ್ಚು, ಶಾಫ್ಟ್ (ಕ್ಲಬ್‌ನ ಉದ್ದನೆಯ ದಂಡ) ಗಿಡ್ಡ, ಚೆಂಡು ಎತ್ತರಕ್ಕೆ ಏರಿ ಹತ್ತಿರ ಬೀಳುತ್ತದೆ. ಪಕ್ಕಪಕ್ಕದ ಎರಡು ಐರನ್‌ಗಳ ನಡುವೆ ಸಾಮಾನ್ಯವಾಗಿ ಸುಮಾರು 4 ಡಿಗ್ರಿ ಲಾಫ್ಟ್, ಅರ್ಧ ಇಂಚು ಉದ್ದದ ಅಂತರ. ಈಗಿನ 7 ಐರನ್ ಸುಮಾರು 28ರಿಂದ 34 ಡಿಗ್ರಿ, ಸ್ಯಾಂಡ್ ವೆಡ್ಜ್ 54ರಿಂದ 56. ಸೆಟ್ ಕೊಳ್ಳುವಾಗ ಸಂಖ್ಯೆಯನ್ನಷ್ಟೇ ನಂಬದೆ ಲಾಫ್ಟ್ ಕೇಳಿ. ಒಂದು ಕಂಪನಿಯ 7 ಇನ್ನೊಂದರ 6ಕ್ಕೆ ಸಮ ಇರುವುದುಂಟು.

3 ಮತ್ತು 4 ಐರನ್ ಬೇಡವೇ ಬೇಡ. ಅಷ್ಟು ಕಡಿಮೆ ಲಾಫ್ಟ್‌ನಲ್ಲಿ ಚೆಂಡು ಏರಬೇಕಾದರೆ ಹೊಸಬರಲ್ಲಿ ಇಲ್ಲದಷ್ಟು ವೇಗ ಬೇಕು. ಹೈಬ್ರಿಡ್ ಇರುವುದೇ ಆ ಜಾಗ ತುಂಬಲು. ಡ್ರೈವರ್‌ನಲ್ಲೂ 9 ಡಿಗ್ರಿಯದನ್ನು ಬಿಟ್ಟು 10.5 ಅಥವಾ 12 ಆರಿಸಿ. ಲಾಫ್ಟ್ ಕಡಿಮೆಯಾದಷ್ಟೂ ಕ್ಲಬ್‌ನ ಮುಖ ತುಸು ಪಕ್ಕಕ್ಕೆ ತಿರುಗಿದ್ದರೂ ಚೆಂಡು ಹೆಚ್ಚು ಬಾಗುತ್ತದೆ.

ಐರನ್ ಕ್ಯಾವಿಟಿ ಬ್ಯಾಕ್ (ತಲೆಯ ಹಿಂಬದಿ ಟೊಳ್ಳಾಗಿರುವುದು) ಇರಲಿ. ಅದರ ಭಾರ ಅಂಚುಗಳಿಗೆ ಹಂಚಿರುವುದರಿಂದ ಹೊಡೆತ ನಡುವಿಗೆ ಬೀಳದಿದ್ದರೂ ಕ್ಲಬ್‌ನ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಶಾಫ್ಟ್‌ನ ಬಿಗಿತವನ್ನು ನಿಮ್ಮ ವೇಗ ನಿರ್ಧರಿಸಬೇಕು, ಪ್ರತಿಷ್ಠೆಯಲ್ಲ: ನಿಧಾನ ಬೀಸುವವರ ಕೈಯಲ್ಲಿ ಬಿಗಿ ಶಾಫ್ಟ್ ಇದ್ದರೆ ಚೆಂಡು ತಗ್ಗಾಗಿ, ಬಲಕ್ಕೆ ಹೋಗುವುದೇ ಹೆಚ್ಚು. ಉದ್ದ ನೋಡುವಾಗ ಎತ್ತರದ ಜೊತೆಗೆ ಮಣಿಕಟ್ಟಿನಿಂದ ನೆಲಕ್ಕಿರುವ ಅಂತರವನ್ನೂ ಅಳೆಯಿಸಿ.

ಹಿಡಿತ ಮತ್ತು ನಿಲುವು

ಎಡಗೈಯಲ್ಲಿ ಗ್ರಿಪ್ (ಕ್ಲಬ್‌ನ ಹಿಡಿ) ಅಂಗೈಗೆ ಅಡ್ಡ ಬೀಳಬಾರದು. ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಓರೆಯಾಗಿ, ಬೆರಳುಗಳಲ್ಲಿ ಕೂರಬೇಕು. ಕೆಳಗೆ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಲಿ. ಬಲ ಅಂಗೈ ಎಡ ಹೆಬ್ಬೆರಳನ್ನು ಮುಚ್ಚಲಿ. ಬಲಗೈ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲಿಡುವ ಕ್ರಮಕ್ಕೆ ಹಿಂದಿನ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಹ್ಯಾರಿ ವಾರ್ಡನ್ ಹೆಸರಿದೆ. ಕೈ ಚಿಕ್ಕದಾದರೆ ಬಲ ಕಿರುಬೆರಳನ್ನು ಎಡ ತೋರುಬೆರಳಿಗೆ ಹೆಣೆದುಕೊಳ್ಳಿ, ಇಲ್ಲವೇ ಹತ್ತೂ ಬೆರಳಲ್ಲಿ ಹಿಡಿಯಿರಿ. ಮೂರರಲ್ಲಿ ಯಾವುದಾದರೂ ಸರಿ. ಮುಂಗೈ ಸ್ನಾಯು ಉಬ್ಬಿದ್ದರೆ ಹಿಡಿತ ಅತಿ ಬಿಗಿಯಾಗಿದೆ ಎಂದರ್ಥ.

ಮೊದಲು ಕ್ಲಬ್‌ನ ಮುಖವನ್ನು ಗುರಿಗೆ ನೇರ ಮಾಡಿ, ನಂತರ ಪಾದ ಜೋಡಿಸಿ. ಪಾದಗಳ ಗೆರೆ ಗುರಿಗೆ ಹೋಗುವ ಗೆರೆಗೆ ಸಮಾನಾಂತರವಾಗಿರಲಿ, ರೈಲು ಹಳಿಗಳ ಹಾಗೆ. 7 ಐರನ್‌ಗೆ ಪಾದಗಳ ನಡುವೆ ಭುಜದಗಲ ಜಾಗ, ಚೆಂಡು ನಡುವಿನಲ್ಲಿ ಅಥವಾ ತುಸು ಎಡಕ್ಕೆ. ಬಾಗುವುದು ಸೊಂಟದ ಕೀಲಿನಿಂದ, ಬೆನ್ನು ಗೂನಾಗದಂತೆ. ತೋಳುಗಳು ಭುಜದಿಂದ ಸಡಿಲವಾಗಿ ಇಳಿಬಿದ್ದಿರಲಿ.

ಬೀಸು

ಪೂರ್ತಿ ಬೀಸಿಗೆ ಅವಸರ ಬೇಡ, ಅರ್ಧದಿಂದ ಶುರು ಮಾಡಿ. ಭುಜ ತಿರುಗಿಸುತ್ತ ಕ್ಲಬ್ ಹಿಂದಕ್ಕೆ ಒಯ್ಯಿರಿ. ಎಡತೋಳು ನೆಲಕ್ಕೆ ಸಮಾನಾಂತರವಾಗಿ, ಶಾಫ್ಟ್ ಆಕಾಶಕ್ಕೆ ನೆಟ್ಟಗಾದಾಗ ನಿಲ್ಲಿ. ಭಾರ ಬಲ ಪಾದದ ಒಳಅಂಚಿನಲ್ಲಿರಲಿ, ಹೊರಅಂಚಿಗೆ ಜಾರಿದರೆ ಮೈ ತಿರುಗಿಲ್ಲ, ಬರೀ ವಾಲಿದೆ.

ಇಳಿಬೀಸು ಕೆಳಗಿನಿಂದ ಆರಂಭವಾಗುತ್ತದೆ. ಎಡಪಾದ ನೆಲವನ್ನು ಒತ್ತಬೇಕು, ಸೊಂಟ ಗುರಿಯ ಕಡೆ ತಿರುಗಬೇಕು, ಕೈ ಹಿಂಬಾಲಿಸಬೇಕು. ಕೈ ಮೊದಲು ಹೊರಟರೆ ಕ್ಲಬ್ ಹೊರಗಿನಿಂದ ಒಳಕ್ಕೆ ಅಡ್ಡ ಕೊಯ್ಯುತ್ತದೆ. ತಾಗುವ ಕ್ಷಣದಲ್ಲಿ ಕೈಗಳು ಚೆಂಡಿಗಿಂತ ಸ್ವಲ್ಪ ಮುಂದೆ. ಮುಗಿದಾಗ ಬೆಲ್ಟಿನ ಬಕಲ್ ಗುರಿಯ ಕಡೆ, ಬಲ ಹಿಮ್ಮಡಿ ಮೇಲೆ. ಚೆಂಡು ನೆಲ ಮುಟ್ಟುವವರೆಗೆ ಹಾಗೆಯೇ ನಿಲ್ಲಲಾಗದಿದ್ದರೆ ಅತಿ ಜೋರಾಗಿ ಬೀಸಿದ್ದೀರಿ.

ಇದಕ್ಕೊಂದು ಒಳ್ಳೆಯ ಅಭ್ಯಾಸ: ಪಾದಗಳ ನಡುವೆ, ಗುರಿಯ ದಿಕ್ಕಿಗೆ ಅಡ್ಡವಾಗಿ ನೆಲದ ಮೇಲೆ ಗೆರೆ ಎಳೆದು, ಚೆಂಡಿಲ್ಲದೆ ಬೀಸಿ. ಹುಲ್ಲು ಕಿತ್ತ ಗುರುತು ಗೆರೆಯಿಂದ ಗುರಿಯ ಕಡೆಗೆ ಇರಬೇಕು. ಹಿಂದೆ ಬಿದ್ದರೆ ಭಾರ ಎಡಕ್ಕೆ ಬಂದಿಲ್ಲ. ಹತ್ತರಲ್ಲಿ ಏಳು ಸಲ ಸರಿ ಬಿದ್ದ ಮೇಲೆ ಗೆರೆಯ ಮೇಲೆ ಚೆಂಡಿಡಿ.

ಇಳಿಮುಖವಾಗಿ ಹೊಡೆಯುವ ಈ ಕ್ರಮಕ್ಕೆ ಡ್ರೈವರ್ ಮಾತ್ರ ಅಪವಾದ. ಚೆಂಡು ಟೀ (ನೆಲಕ್ಕೆ ಚುಚ್ಚುವ ಸಣ್ಣ ಗೂಟ) ಮೇಲಿರುತ್ತದೆ, ಅದರ ಅರ್ಧಭಾಗ ಕ್ಲಬ್ ತಲೆಯ ಮೇಲಂಚಿಗಿಂತ ಮೇಲೆ ಕಾಣಬೇಕು. ಚೆಂಡು ಎಡ ಹಿಮ್ಮಡಿಯ ನೇರಕ್ಕೆ, ನಿಲುವು ಇನ್ನಷ್ಟು ಅಗಲ. ಕ್ಲಬ್ ತುಸು ಏರುಮುಖದಲ್ಲಿ ತಾಗುತ್ತದೆ.

ಚೆಂಡು ಬಲಕ್ಕೆ ಬಾಗಿದರೆ

ಹೀಗೆ ಬಲಕ್ಕೆ ಬಾಗುವ ಹೊಡೆತವಾದ ಸ್ಲೈಸ್ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಚೆಂಡು ಬಹುಮಟ್ಟಿಗೆ ಕ್ಲಬ್‌ನ ಮುಖ ನೋಡಿದ ದಿಕ್ಕಿಗೆ ಹೊರಡುತ್ತದೆ. ಮುಖವು ಬೀಸಿನ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಬಲಕ್ಕೆ ಬಾಗುತ್ತದೆ. ಬಲಕ್ಕೆ ಹೋಗುತ್ತಿದೆಯಲ್ಲ ಎಂದು ಎಡಕ್ಕೆ ಗುರಿಯಿಟ್ಟರೆ ಬೀಸೂ ಎಡಕ್ಕೆ ಎಳೆಯುತ್ತದೆ, ಬಾಗು ಇನ್ನೂ ಹೆಚ್ಚುತ್ತದೆ. ಮೊದಲು ಎಡಗೈಯನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ ಹಿಡಿಯಿರಿ, ಮೂರನೇ ಗೆಣ್ಣು ಇಣುಕುವಷ್ಟು. ಆಮೇಲೆ ಭುಜಗಳು ಎಡಕ್ಕೆ ತೆರೆದಿವೆಯೇ ನೋಡಿ. ಇಷ್ಟರಲ್ಲೇ ಹಲವರ ಸ್ಲೈಸ್ ಅರ್ಧ ಇಳಿಯುತ್ತದೆ.

ಚೆಂಡು ಕ್ಲಬ್‌ನ ಕತ್ತಿನ ಬಳಿ ತಾಗಿ ಚಕ್ಕನೆ ಬಲಕ್ಕೆ ಸಿಡಿದರೆ ಅದು ಶ್ಯಾಂಕ್, ಸ್ಲೈಸ್ ಅಲ್ಲ. ಭಾರ ಕಾಲ್ಬೆರಳ ಕಡೆಗೆ ಜಾರಿದೆಯೇ, ಚೆಂಡಿಗೆ ಅತಿ ಹತ್ತಿರ ನಿಂತಿದ್ದೀರಾ ಎಂದು ಪರೀಕ್ಷಿಸಿ.