ಜಿಗಿಹುಳು ಯಾವ ಜಾತಿಯದು? ಬಣ್ಣಕ್ಕಿಂತ ಮೊದಲು ಕಾಲು ನೋಡಿ

ಎಲೆ ಮುಟ್ಟಿದ ಕೂಡಲೇ ಸಿಡಿದು ಹೋಗುವ ಪುಟ್ಟ ಹುಳುವನ್ನು ‘ಹಸಿರು ಜಿಗಿಹುಳು’ ಎಂದು ಕರೆದು ಸುಮ್ಮನಾಗುವವರೇ ಜಾಸ್ತಿ. ಆದರೆ ಜಿಗಿಹುಳುಗಳ ಸಿಕಾಡೆಲ್ಲಿಡೆ ಕುಟುಂಬದಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳೇ 20,000ಕ್ಕೂ ಹೆಚ್ಚು. ಅವುಗಳಲ್ಲಿ ಹಸಿರು ಬಣ್ಣದವಕ್ಕೇನೂ ಬರವಿಲ್ಲ. ಭತ್ತದ ಟುಂಗ್ರೊ ರೋಗವನ್ನೇ ನೋಡಿ. ಅದನ್ನು ಹರಡುವುದರಲ್ಲಿ ನೆಫೊಟೆಟಿಕ್ಸ್ ವೈರೆಸೆನ್ಸ್ ಎಲ್ಲಕ್ಕಿಂತ ಮುಂದು. ಅದರ ಜೊತೆಗೇ ಸಿಗುವ, ಹೆಚ್ಚುಕಡಿಮೆ ಅದೇ ಬಣ್ಣದ ನೆಫೊಟೆಟಿಕ್ಸ್ ನಿಗ್ರೊಪಿಕ್ಟಸ್‌ಗೆ ಆ ಶಕ್ತಿ ಕಡಿಮೆ. ಎರಡನ್ನೂ ಒಂದೇ ಎಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹಿಂಗಾಲಿನಿಂದ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಭೂತಗನ್ನಡಿ ಇದಕ್ಕೆ ಸಾಕು. ಹಿಂಗಾಲಿನ ಮೊಣಕಾಲಿನ ಕೆಳಗೆ ಉದ್ದನೆಯ ಭಾಗವಿದೆ ಅಲ್ವಾ, ಅದರ ಉದ್ದಕ್ಕೂ ಚಿಕ್ಕ ಮುಳ್ಳುಗಳು ಸಾಲುಸಾಲಾಗಿ ನಿಂತಿದ್ದರೆ ಅದು ಜಿಗಿಹುಳು. ಮುಳ್ಳಿನ ಸಾಲುಗಳ ಬದಲು ಆ ಭಾಗದ ತುದಿಯಲ್ಲಿ ಅಲುಗಾಡುವ ಒಂದು ದೊಡ್ಡ ಮುಳ್ಳು ಕಂಡರೆ ಅದು ಭತ್ತದ ಕಂದು ಜಿಗಿಹುಳುವಿನ ಗುಂಪಿನದು. ಹೆಸರು ಒಂದೇ ಥರ ಇದ್ದರೂ ಅದು ಬೇರೆ ಕುಟುಂಬ. ಒಂದೆರಡು ದಪ್ಪ ಮುಳ್ಳು, ತುದಿಯಲ್ಲಿ ಮುಳ್ಳಿನ ಸುತ್ತು ಇದ್ದರೆ ಅದು ನೊರೆಹುಳು. ಅನುಮಾನ ಉಳಿದರೆ ಕುಡಿಮೀಸೆ ನೋಡಿ. ಜಿಗಿಹುಳುವಿನ ಕುಡಿಮೀಸೆ ಕೂದಲೆಳೆಯಷ್ಟು ತೆಳ್ಳಗೆ, ಎರಡು ಕಣ್ಣುಗಳ ನಡುವೆ ಮುಖದ ಮೇಲೆ ಇರುತ್ತದೆ. ಕಂದು ಜಿಗಿಹುಳುವಿನ ಗುಂಪಿನಲ್ಲಿ ಅದು ಕಣ್ಣಿನ ಕೆಳಗೆ, ಕೆನ್ನೆಯ ಮೇಲಿರುತ್ತದೆ.

ಇದಾದ ಮೇಲೆ ಹುಳು ಬೆಳೆದದ್ದೋ ಮರಿಯೋ ಎಂದು ನೋಡಿ. ಮರಿಗೆ ಪೂರ್ತಿ ರೆಕ್ಕೆ ಇರುವುದಿಲ್ಲ, ಬೆನ್ನ ಮೇಲೆ ರೆಕ್ಕೆಯ ಮೊಗ್ಗು ಮಾತ್ರ ಇರುತ್ತದೆ. ಎಲೆಯ ಮೇಲೆ ಏಡಿಯಂತೆ ಅಡ್ಡಡ್ಡ ಓಡುತ್ತದೆ. ಮರಿಗಳು ಐದು ಹಂತಗಳಲ್ಲಿ ಬೆಳೆಯುತ್ತವೆ. ಮರಿಯನ್ನಷ್ಟೇ ನೋಡಿ ಪ್ರಭೇದ ಹೇಳುವುದು ತುಂಬಾ ಕಷ್ಟ. ಆ ಸಾಹಸಕ್ಕೆ ಇಳಿಯದೆ ಅದೇ ಗಿಡದಲ್ಲಿ ಬೆಳೆದ ಹುಳುವನ್ನು ಹುಡುಕಿ.

ಹಿಡಿಯಲು ಬೀಸುಬಲೆ ಅಥವಾ ರಾತ್ರಿಯ ದೀಪ ಸಾಕು. ಕೆಲವನ್ನು ಆಲ್ಕೋಹಾಲಿನಲ್ಲಿ ಇಡಿ, ಕೆಲವನ್ನು ಒಣಗಿಸಿ ರಟ್ಟಿನ ಚಿಕ್ಕ ತ್ರಿಕೋನದ ತುದಿಗೆ ಅಂಟಿಸಿ. ಆಲ್ಕೋಹಾಲಿನಲ್ಲಿ ಹಸಿರು ಬಣ್ಣ ಬಿಟ್ಟುಹೋಗುತ್ತದೆ, ಹಾಗಾಗಿ ಜೀವಂತ ಇರುವಾಗಲೇ ಫೋಟೊ ತೆಗೆದಿಡಿ. ಸ್ಥಳ, ದಿನ, ಯಾವ ಗಿಡ, ಹಿಡಿದವರು ಯಾರು ಎಂಬ ಚೀಟಿ ಇಲ್ಲದ ಹುಳುವಿನಿಂದ ಯಾರಿಗೂ ಉಪಯೋಗವಿಲ್ಲ.

ಇನ್ನು ಸೂಕ್ಷ್ಮದರ್ಶಕದ ಕೆಲಸ. ತಲೆಗೆ ಹೆಚ್ಚು ಸಮಯ ಕೊಡಿ, ಏಕೆಂದರೆ ಉಪಕುಟುಂಬದ ಸುಳಿವು ಬಹುಪಾಲು ಅಲ್ಲೇ ಇದೆ. ನೆತ್ತಿಯ ಉದ್ದವನ್ನು ನಡುವಿನಲ್ಲಿ ಅಳೆಯಿರಿ, ಕಣ್ಣಿನ ಪಕ್ಕದಲ್ಲೂ ಅಳೆಯಿರಿ. ಎರಡೂ ಸಮವಾಗಿದ್ದರೆ ತಲೆಯ ಮುಂದಿನ ಅಂಚು ಸಮನಾಗಿ ಬಾಗಿದೆ ಎಂದರ್ಥ. ನಡುವಿನ ಉದ್ದ ಜಾಸ್ತಿ ಇದ್ದರೆ ತಲೆ ಮುಂದಕ್ಕೆ ಚೂಪಾಗಿದೆ. ಬಳಿಕ ಪಕ್ಕದಿಂದ ನೋಡಿ. ನೆತ್ತಿ ಮುಖಕ್ಕೆ ಇಳಿಯುವ ಜಾಗ ದುಂಡಗಿದೆಯೋ, ಅಂಚು ಕಟ್ಟಿದೆಯೋ ಎಂದು ಬರೆದುಕೊಳ್ಳಿ. ದೊಡ್ಡ ಕಣ್ಣುಗಳಲ್ಲದೆ ಇನ್ನೂ ಎರಡು ಪುಟ್ಟ ಒಂಟಿಗಣ್ಣುಗಳನ್ನು ಹುಡುಕಿ. ಅವು ನೆತ್ತಿಯ ಮೇಲೆ ಸ್ಪಷ್ಟವಾಗಿ ಕಂಡು, ಮುಖವೂ ಊದಿಕೊಂಡಿದ್ದರೆ ಸಿಕಾಡೆಲ್ಲಿನೆ ಉಪಕುಟುಂಬವನ್ನು ಯೋಚಿಸಿ. ಇವು ಬೇರಿನಿಂದ ನೀರು ಏರುವ ನಾಳದಿಂದಲೇ ರಸ ಹೀರುತ್ತವೆ. ಆ ರಸ ತುಂಬಾ ತೆಳು, ಬಹಳಷ್ಟು ಹೀರಬೇಕು. ಹೀರುವ ಬಲವಾದ ಸ್ನಾಯುಗಳಿಗೆ ಜಾಗ ಬೇಕಾಗಿಯೇ ಮುಖ ಅಷ್ಟು ಉಬ್ಬಿರುವುದು. ಒಂಟಿಗಣ್ಣುಗಳು ತಲೆಯ ಮುಂದಿನ ಅಂಚಿನಲ್ಲಿ, ದೊಡ್ಡ ಕಣ್ಣಿನ ಹತ್ತಿರ ಇದ್ದರೆ ಡೆಲ್ಟೊಸೆಫಾಲಿನೆ ಇರಬಹುದು. ನೆಫೊಟೆಟಿಕ್ಸ್ ಸೇರುವುದು ಇದಕ್ಕೇ.

ರೆಕ್ಕೆಯಲ್ಲಿ ನರಗಳನ್ನು ನೋಡಿ. ಉದ್ದ ನರಗಳನ್ನು ಜೋಡಿಸುವ ಅಡ್ಡ ನರಗಳು ಮುಂದಿನ ರೆಕ್ಕೆಯ ತುದಿಯ ಹತ್ತಿರ ಮಾತ್ರ ಇದ್ದು, ಬುಡದ ಕಡೆ ಇಲ್ಲದಿದ್ದರೆ ಅದು ಟಿಫ್ಲೊಸಿಬಿನೆ. ಮೂರ್ನಾಲ್ಕು ಮಿಲಿಮೀಟರ್‌ನ, ನಾಜೂಕಾದ ಹಳದಿ-ಹಸಿರು ಹುಳುಗಳು ಬಹಳಷ್ಟು ಇಲ್ಲೇ ಸೇರುತ್ತವೆ. ಹತ್ತಿ, ಬೆಂಡೆಯ ಜಿಗಿಹುಳು ಅಮ್ರಾಸ್ಕ ಬಿಗುಟ್ಟುಲ ಕೂಡ ಇದೇ ಗುಂಪಿನದು.

ಬಣ್ಣ ಮತ್ತು ಚುಕ್ಕೆಗಳ ಸರದಿ ಈಗ. ಅವು ಸುಳಿವು ಕೊಡುವುದಿಲ್ಲ ಎಂದಲ್ಲ. ಅಮ್ರಾಸ್ಕಕ್ಕೆ ನೆತ್ತಿಯ ಮೇಲೆ ಎರಡು ಕಪ್ಪು ಚುಕ್ಕೆ, ಒಂದೊಂದು ಮುಂದಿನ ರೆಕ್ಕೆಯ ಹಿಂಭಾಗದಲ್ಲಿ ಒಂದೊಂದು ಚುಕ್ಕೆ ಇರುತ್ತದೆ. ನಿಗ್ರೊಪಿಕ್ಟಸ್‌ನ ನೆತ್ತಿಯ ಮುಂದಿನ ಅಂಚಿನ ಉದ್ದಕ್ಕೂ ಕಪ್ಪು ಪಟ್ಟಿ ಇರುತ್ತದೆ, ವೈರೆಸೆನ್ಸ್‌ಗೆ ಆ ಪಟ್ಟಿ ಇಲ್ಲ. ಆದರೆ ಆಗಷ್ಟೇ ಪೊರೆ ಬಿಟ್ಟ ಹುಳು ಪೇಲವವಾಗಿರುತ್ತದೆ. ನೆಫೊಟೆಟಿಕ್ಸ್‌ನಲ್ಲಿ ಗಂಡಿನ ರೆಕ್ಕೆಯ ತುದಿ ಕಪ್ಪಾಗಿದ್ದರೆ ಹೆಣ್ಣಿನದು ಸಾಮಾನ್ಯವಾಗಿ ಹಾಗಿರುವುದಿಲ್ಲ. ಆದ್ದರಿಂದ ಚುಕ್ಕೆ ನೋಡಿ ಊಹಿಸಿ, ತೀರ್ಮಾನ ಮಾತ್ರ ಮಾಡಬೇಡಿ.

ತೀರ್ಮಾನ ಕೊಡುವುದು ಗಂಡಿನ ಜನನಾಂಗ. ಎಂಪೋಸ್ಕ ಕುಲದಲ್ಲಿ ಹೊರಗಿನಿಂದ ಒಂದೇ ಥರ ಕಾಣುವ ಹಸಿರು ಪ್ರಭೇದಗಳು ನೂರಾರು. ಅವನ್ನು ಬೇರ್ಪಡಿಸಲು ಇದೇ ದಾರಿ. ಹೊಟ್ಟೆಯ ಭಾಗವನ್ನು ಬಿಡಿಸಿ, ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೆದು ಭಾಗ ಕರಗುವವರೆಗೆ ಇಡಿ. ಇದು ಚರ್ಮ, ಕಣ್ಣು ಸುಡುವ ವಸ್ತು, ಕೈಗವಸು ಮತ್ತು ಕನ್ನಡಕ ಇಲ್ಲದೆ ಮುಟ್ಟಲೇಬೇಡಿ. ನೀರಿನಲ್ಲಿ ತೊಳೆದು ಗ್ಲಿಸರಿನ್ ಹನಿಯಲ್ಲಿಟ್ಟು ನೋಡಿ. ಶಿಶ್ನದ ಕಾಂಡ ಎತ್ತ ಬಾಗಿದೆ, ತುದಿಯಲ್ಲಿ ಕವಲು ಅಥವಾ ಮುಳ್ಳು ಇದೆಯೇ, ಇದ್ದರೆ ಎಷ್ಟು ಜೋಡಿ ಎಂಬುದನ್ನು ಪಕ್ಕದಿಂದಲೂ ಹಿಂದಿನಿಂದಲೂ ಚಿತ್ರ ಬರೆಯಿರಿ. ಕೆಲಸ ಮುಗಿದ ಮೇಲೆ ಆ ಭಾಗವನ್ನು ಗ್ಲಿಸರಿನ್ ಇರುವ ಪುಟ್ಟ ಸೀಸೆಯಲ್ಲಿ ಹಾಕಿ, ಅದೇ ಹುಳುವಿನ ಸೂಜಿಗೆ ಚುಚ್ಚಿಡಿ. ಎರಡೂ ಬೇರೆಯಾದರೆ ಎರಡೂ ವ್ಯರ್ಥ. ಹೆಣ್ಣು ಮಾತ್ರ ಸಿಕ್ಕಿದ್ದರೆ ಹೊಟ್ಟೆಯಡಿಯ ಏಳನೇ ಫಲಕದ ಹಿಂದಿನ ಅಂಚಿನ ಆಕಾರವನ್ನು ದಾಖಲಿಸಿ.

ವಿವರಣೆ ಬರೆಯುವಾಗಲೂ ನಾನು ಒಪ್ಪುವ ಕ್ರಮ ಇದೇ. ತಲೆ, ಎದೆ, ಕಾಲು, ರೆಕ್ಕೆ, ಜನನಾಂಗ ಎಲ್ಲ ಆದ ಮೇಲೆ ಬಣ್ಣ. ಉದ್ದವನ್ನು ನೆತ್ತಿಯ ತುದಿಯಿಂದ ಮಡಿಸಿದ ರೆಕ್ಕೆಯ ತುದಿಯವರೆಗೆ ಅಳೆಯಿರಿ. ಗಂಡು, ಹೆಣ್ಣುಗಳ ಅಳತೆಯನ್ನು ಬೇರೆಬೇರೆ ಬರೆಯಿರಿ. ‘ತಲೆ ದೊಡ್ಡದು’ ಎಂದರೆ ಓದುವವರಿಗೆ ಏನೂ ತಿಳಿಯದು. ‘ನೆತ್ತಿಯ ಅಗಲ ಉದ್ದದ ಎರಡರಷ್ಟು’ ಎಂದು ಬರೆದರೆ ಅವರೂ ಅಳೆದು ನೋಡಬಹುದು. ಹೊಸ ಪ್ರಭೇದ ಅನ್ನಿಸಿದರೆ ಅತಿ ಹತ್ತಿರದ ಪ್ರಭೇದಕ್ಕಿಂತ ಇದು ಯಾವುದರಲ್ಲಿ ಬೇರೆ ಎಂಬ ಪ್ಯಾರಾಕ್ಕೆ ಹೆಚ್ಚು ಕಷ್ಟಪಡಿ. ಪ್ರಾಣಿಗಳ ಹೆಸರಿಡುವ ಅಂತಾರಾಷ್ಟ್ರೀಯ ನಿಯಮದಂತೆ, 2000ದಿಂದ ಈಚೆಗೆ ಹೊಸ ಪ್ರಭೇದದ ಹೆಸರು ಊರ್ಜಿತವಾಗಲು ಮಾದರಿ ಹುಳು ಯಾವುದೆಂದು ಬರಹದಲ್ಲೇ ಗೊತ್ತುಪಡಿಸಬೇಕು, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಅಥವಾ ಇಡಲಾಗುವುದು ಎಂದೂ ಹೇಳಬೇಕು.