ಮೂವರಲ್ಲಿ ಇಬ್ಬರು ಕೂತರೆ ತೆರೆಯುವ ಕಡತ: ನನ್ನ ಅನುಭವ

ನಾನಿಲ್ಲದಾಗ ಮನೆಯವರಿಗೆ ಪಾಸ್‌ವರ್ಡ್, ಪಾಲಿಸಿ, ಫೋಟೊ ಎಲ್ಲ ಸಿಗಬೇಕು, ಇದ್ದಾಗ ಯಾರೊಬ್ಬರ ಕೈಗೂ ಸಿಗಬಾರದು. ಈ ವ್ಯವಸ್ಥೆ ಕೊನೆಗೂ ಕೂತಿತು. ಯುಗಾದಿ ಹೊತ್ತಿಗೆ ತಾಲೀಮು ಮಾಡಿಸಿದೆ: ನನ್ನ ಮೊಬೈಲು, ಲ್ಯಾಪ್‌ಟಾಪು ಎರಡೂ ಆಫ್, ನನ್ನದು ಒಂದು ಮಾತೂ ಇಲ್ಲ. ಹೆಂಡತಿ, ತಮ್ಮ ಸೇರಿ ಸುಮಾರು ಒಂದೂಕಾಲು ಗಂಟೆಯಲ್ಲಿ ಇಮೇಲ್, ವಿಮೆ, ಡಿಮ್ಯಾಟ್ ವಿವರ, ಅಂಗಡಿಯ ಜಿಎಸ್‌ಟಿ ಲಾಗಿನ್ ಎಲ್ಲ ತೆಗೆದರು. "ಬೀರುನಾಗೆ ಒಂದು ಡೈರಿ ಇಟ್ರೆ ಮುಗೀತು, ಇಷ್ಟೆಲ್ಲ ಯಾಕ್ರಿ?" ಅಂತ ಮಂಡಿಪೇಟೆಯ ಗೆಳೆಯರು ಅನ್ನುತ್ತಲೇ ಇದ್ದರು. ಅವರಲ್ಲೇ ಇಬ್ಬರು ಈಗ ಇದನ್ನು ಮಾಡಿಸಿಕೊಂಡಿದ್ದಾರೆ. ಡೈರಿಯ ಪಾಸ್‌ವರ್ಡ್ ಆರು ತಿಂಗಳಲ್ಲಿ ಹಳತಾಗುತ್ತದೆ, ಬೀರು ತೆರೆದವರೆಲ್ಲ ಓದುತ್ತಾರೆ. ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಉಳಿಸುವ ತಂತ್ರಾಂಶ ಬಳಸಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಅದನ್ನು ಹಾಕಿಕೊಳ್ಳುವ ಬಗೆ ಇಲ್ಲಿಲ್ಲ.

ಎಲ್ಲವೂ ಅದರ ಬೀಗ ಹಾಕಿದ ಒಂದೇ ಕಡತದಲ್ಲಿ (ಕೆಡಿಬಿಎಕ್ಸ್) ಇದೆ. ಮಾಸ್ಟರ್ ಪಾಸ್‌ವರ್ಡ್ 12 ಪದ, ನಾಲ್ಕು ನಾಲ್ಕರಂತೆ ಅ, ಆ, ಇ ಎಂದು ಮೂರು ತುಂಡು. ಹೆಂಡತಿ ಹತ್ತಿರ ಅ ಮತ್ತು ಆ, ತಮ್ಮನ ಹತ್ತಿರ ಆ ಮತ್ತು ಇ, ಹರಿಹರದ ಅಕ್ಕನ ಹತ್ತಿರ ಅ ಮತ್ತು ಇ. ಯಾವ ಇಬ್ಬರು ಕೂತರೂ ಮೂರೂ ತುಂಡು ಕೂಡುತ್ತವೆ, ಒಬ್ಬರಿಂದಲೇ ಆಗುವುದಿಲ್ಲ. ಇದರ ಸಡಿಲ ಜಾಗ ಒಂದೇ. ಪ್ರತಿಯೊಬ್ಬರಿಗೂ ಎಂಟು ಪದ ಗೊತ್ತಿರುವುದರಿಂದ ಊಹಿಸಲು ಉಳಿಯುವುದು ನಾಲ್ಕೇ ಪದ, ಹಾಗಾಗಿ ಆ ನಾಲ್ಕೇ ಗಟ್ಟಿಯಿರಬೇಕು. 1,296 ಪದದ ಪಟ್ಟಿ ಮಾಡಿಕೊಂಡು ಒಂದೊಂದು ಪದಕ್ಕೂ ನಾಲ್ಕು ಸಲ ದಾಳ ಎಸೆದು ಆರಿಸಿದೆ. ನಾಲ್ಕು ಪದಕ್ಕೆ ಸುಮಾರು 2.8 ಲಕ್ಷ ಕೋಟಿ ಜೋಡಣೆ ಬರುತ್ತದೆ. ಕಡತ ತೆರೆಯುವ ಸಮಯವನ್ನು 2 ಸೆಕೆಂಡಿಗೆ ಏರಿಸಿದ್ದೇನೆ, ಒಂದೊಂದೇ ಊಹಿಸುತ್ತ ಕೂತವರಿಗೆ ಅಷ್ಟು ಸಾಕು. ದಾಳ ಬಿಟ್ಟು ಮನಸ್ಸಿಗೆ ಬಂದ ಪದ ಹಾಕಿದರೆ ಮನೆದೇವರು, ಮಕ್ಕಳ ಹೆಸರು ಬಂದೇ ಬರುತ್ತವೆ, ಮನೆಯವರು ಮೊದಲು ಊಹಿಸುವುದೂ ಅವನ್ನೇ. ಊಹೆಯನ್ನು ನಿಧಾನ ಮಾಡಿಸುವ ಆರ್ಗಾನ್2 ಲೆಕ್ಕದ ಮೆಮೊರಿಯನ್ನು 64 ಎಂಬಿಗೇ ಬಿಡಿ. 1 ಜಿಬಿ ಮಾಡಿದಾಗ ತಮ್ಮನ ಹಳೇ ಮೊಬೈಲಲ್ಲಿ ಆ್ಯಪ್ ತಾನೇ ಮುಚ್ಚಿಕೊಂಡಿತು.

ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲಿ ಕೊಟ್ಟ, ಗುಟ್ಟನ್ನು ಪಾಲು ಮಾಡಿ ಹಂಚುವ ಗಣಿತ ಇದಕ್ಕಿಂತ ಮೇಲು, ಒಂದು ಪಾಲಿನಿಂದ ಏನೂ ತಿಳಿಯುವುದಿಲ್ಲ. ಅದನ್ನೂ ಮಾಡಿ ನೋಡಿದೆ. ಆದರೆ ಕಪ್ಪು ಪರದೆಯಲ್ಲಿ ಉದ್ದನೆಯ ಅಂಕಿ-ಅಕ್ಷರದ ಸಾಲು ಹೊಡೆಯಬೇಕು, ಒಂದಕ್ಷರ ತಪ್ಪಿದರೂ ಕೆಲಸಕ್ಕೆ ಬಾರದ ಉತ್ತರ. ದುಃಖದಲ್ಲಿರುವ ಮನೆಯಲ್ಲಿ ಅದು ನಡೆಯುವ ಕೆಲಸವಲ್ಲ, ಬಿಟ್ಟೆ.

ಪಾಸ್‌ವರ್ಡ್ ಕನ್ನಡ ಲಿಪಿಯಲ್ಲೇ ಇಡೋಣ ಅಂತಲೂ ನೋಡಿದೆ. "ಕೊ" ಎಂಬಲ್ಲಿನ ಒತ್ವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರಬಹುದು, ಎತ್ವಕ್ಕೆ ಊತ್ವ ಸೇರಿ ಎರಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಪಾಸ್‌ವರ್ಡ್ ಮಾತ್ರ ಬೇರೆ. ಕೆಲವು ಒತ್ತಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೂ ಸೇರಿಕೊಳ್ಳುತ್ತದೆ. ಹಾಗಾಗಿ ಪದ ಕನ್ನಡದ್ದು, ಅಕ್ಷರ ಇಂಗ್ಲಿಷಿನವು. ಸ್ಟೀಲ್ ಪಟ್ಟಿಯ ಮೇಲೆ ಕೊರೆದಿರುವುದೆಲ್ಲ ದೊಡ್ಡಕ್ಷರ, ಕೀಬೋರ್ಡಿನಲ್ಲಿ ಒತ್ತುವುದೆಲ್ಲ ಚಿಕ್ಕಕ್ಷರ, ಪದಗಳ ನಡುವೆ ಒಂದು ಸ್ಪೇಸ್. ಇಷ್ಟನ್ನು ಮೂವರೂ ಬಾಯಿಪಾಠ ಮಾಡಿದ್ದಾರೆ.

ಪದಗಳನ್ನು ಉಳಿಸುವುದು ಯಾವುದರ ಮೇಲೆ ಎಂಬುದಕ್ಕೇ ದುಡ್ಡು ಹೆಚ್ಚು ಹೋಯಿತು. ಥರ್ಮಲ್ ಕಾಗದ ಒಂದು ಬೇಸಿಗೆ ಕಿಟಕಿ ಹತ್ತಿರ ಇದ್ದದ್ದಕ್ಕೇ ಮಾಸಿತು. ಇಂಕ್‌ಜೆಟ್ ಮೇಲೆ ಒದ್ದೆ ಕೈ ತಗುಲಿದರೆ ಹರಡುತ್ತದೆ. ಲೇಸರ್ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿದ್ದು ಚೆನ್ನಾಗಿದೆ, ಆದರೆ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಬೇಡಿ, ಕಡತ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಕ್ಯೂಆರ್ ಕೋಡ್ ಮಾಡಿದರೆ ಓದುವುದೇನೋ ಸಲೀಸು, ಸ್ಕ್ಯಾನ್ ಮಾಡಿದ ಆ್ಯಪ್ ಅದನ್ನು ಹಿಸ್ಟರಿಯಲ್ಲಿ ಇಟ್ಟುಕೊಳ್ಳುತ್ತದೆ. ಕೊನೆಗೆ ಸ್ಟೀಲಿಗೆ ಬಂದೆ. ಮದುವೆ ಪಾತ್ರೆಗೆ ಹೆಸರು ಕೊರೆಯುವವರಿಗೆ ಪದ ತೋರಿಸುವ ಹಾಗಿಲ್ಲವಲ್ಲ, ಕೊರೆಯುವ ಪೆನ್ನನ್ನೇ ₹600ರ ಆಸುಪಾಸಿನಲ್ಲಿ ಕೊಂಡೆ. ಅಂಗೈ ಅಗಲದ ಪಟ್ಟಿ, ಒಂದೊಂದರಲ್ಲಿ ಎಂಟು ಪದ, ಪ್ರತಿ ಪದದ ಹಿಂದೆ ಅದರ ಕ್ರಮಸಂಖ್ಯೆ. ಒಂದೇ ಸಲ ಎಳೆದ ಗೆರೆ ಟ್ಯೂಬ್‌ಲೈಟಿನ ಬೆಳಕಲ್ಲಿ ಕಾಣುವುದಿಲ್ಲ, ಅದೇ ಗೆರೆ ಮೇಲೆ ಎರಡನೇ ಸಲ ಹೋಗಬೇಕು. ಪೆನ್ನು ಜಾರುತ್ತದೆ, ಕೆಳಗೆ ಒದ್ದೆ ಗೋಣಿಚೀಲ ಹಾಸಿಕೊಳ್ಳಿ. ಮೂರು ಪಟ್ಟಿ, ಪೆನ್ನು, ಕಡತದ ಪ್ರತಿ ಇಡಲು ಮೂರು ಪೆನ್‌ಡ್ರೈವ್ ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಪೆನ್‌ಡ್ರೈವ್‌ಗಳನ್ನು ಮಾತ್ರ ನೆಚ್ಚಿ ಕೂರಬೇಡಿ, ಸುಮ್ಮನೆ ಬಿದ್ದಿದ್ದರೂ ಕೆಡುತ್ತವೆ. ವರ್ಷಕ್ಕೊಮ್ಮೆ ಹಚ್ಚಿ ಹೊಸದಾಗಿ ನಕಲು ಮಾಡಬೇಕು, ಗೂಗಲ್ ಡ್ರೈವ್ ಖಾತೆಯಲ್ಲೂ ಒಂದು ಪ್ರತಿ ಇರಬೇಕು. ಪದಗಳ ಜತೆಗೆ ಒಂದು ಕೀ ಫೈಲೂ ಇದೆ, ಪಾಸ್‌ವರ್ಡ್ ಜತೆಗೆ ಅದನ್ನೂ ಕೊಟ್ಟರೇ ಬೀಗ ತೆರೆಯುವುದು. ಅದು ಎಲ್ಲಿದೆ, ಮೂವರಿಗೂ ಹೇಗೆ ಗೊತ್ತು ಎಂಬುದನ್ನು ಇಲ್ಲಿ ಬಿಚ್ಚುವುದಿಲ್ಲ. ಒಂದು ಮಾತು ಹೇಳಬಲ್ಲೆ: ಫೋಟೊವನ್ನು ಕೀ ಫೈಲ್ ಮಾಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಹೋಗಿ ಬಂದರೆ ಅದು ಕುಗ್ಗಿರುತ್ತದೆ, ಬೀಗ ತೆರೆಯುವುದಿಲ್ಲ.

ಕಡತ ತೆರೆದರೂ ಮೊಬೈಲ್ ನಂಬರು ಇಲ್ಲದಿದ್ದರೆ ಅರ್ಧ ಖಾತೆಗಳಿಗೆ ಹೋಗಲಾಗದು. ಪ್ರಿಪೇಯ್ಡ್ ಸಿಮ್ ರೀಚಾರ್ಜ್ ಇಲ್ಲದೆ, ಬಳಕೆಯಿಲ್ಲದೆ 90 ದಿನ ಕಳೆದರೆ ನಿಂತುಹೋಗಬಹುದು, ಆಮೇಲೆ ಆ ನಂಬರು ಬೇರೆಯವರ ಪಾಲಾಗುತ್ತದೆ. ನನ್ನ ಖಾತೆಯಿಂದ ಆಟೊಪೇ ಇಟ್ಟರೆ ಖಾತೆ ಸ್ಥಗಿತವಾದ ದಿನವೇ ಅದೂ ನಿಲ್ಲುತ್ತದೆ, ಹಾಗಾಗಿ ರೀಚಾರ್ಜ್ ಹೆಂಡತಿಯ ಖಾತೆಯಿಂದ. ಬೆರಳಚ್ಚು ನಂಬಿ ಕೂರುವಂತಿಲ್ಲ, ಮೊಬೈಲ್ ಒಮ್ಮೆ ಆಫ್ ಆಗಿ ಆನ್ ಆದರೆ ಪಿನ್ನೇ ಬೇಕು. ಸಿಮ್‌ಗೆ ಪಿನ್ ಇದ್ದರೆ ಮೂರು ಸಲ ತಪ್ಪಿದರೆ ಪಿಯುಕೆ (ಸಿಮ್ ಕಂಪನಿ ಕೊಡುವ, ಬೀಗ ಬಿಡಿಸುವ ಸಂಖ್ಯೆ) ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ಮೇ ಹೋಯಿತು. ಎಲ್ಲ ಸಂಖ್ಯೆಗಳೂ ಕಡತದಲ್ಲಿವೆ.

ಗೂಗಲ್ ಖಾತೆಗೆ ಒಟಿಪಿ ಬದಲು ಬಳಸಲು 8 ಅಂಕಿಯ 10 ಬ್ಯಾಕಪ್ ಕೋಡ್ ಸಿಗುತ್ತವೆ. ಅವನ್ನೂ ಕಡತಕ್ಕೆ ಹಾಕಿ, ಹೊಸ ಕಂತು ತೆಗೆದರೆ ಹಳೆಯದು ರದ್ದು ಎಂಬುದು ನೆನಪಿರಲಿ. ಗೂಗಲ್‌ನದೇ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ: 3, 6, 12 ಅಥವಾ 18 ತಿಂಗಳು ಖಾತೆ ಸುಮ್ಮನಿದ್ದರೆ ನಾವು ಹೇಳಿದವರಿಗೆ ಡೇಟಾ ಕೊಡುತ್ತದೆ, ಗರಿಷ್ಠ 10 ಮಂದಿಗೆ. ಬಹಳ ಜನ ಇದೊಂದರ ಮೇಲೇ ಭಾರ ಹಾಕಿದ್ದಾರೆ. ಮನೆಯವರು ಸತ್ತವರ ಆಂಡ್ರಾಯ್ಡ್ ಮೊಬೈಲನ್ನು ಚಾರ್ಜ್ ಮಾಡಿ ಆನ್ ಇಟ್ಟುಕೊಂಡರೆ ಅದು ಗೂಗಲನ್ನು ಮುಟ್ಟುತ್ತಲೇ ಇರುತ್ತದೆ, ಖಾತೆ ಜೀವಂತ ಎಂದೇ ಲೆಕ್ಕ, ಗಡುವು ಓಡುವುದೇ ಇಲ್ಲ. ನನ್ನದರಲ್ಲಿ ಇದು 6 ತಿಂಗಳಿಗೆ ಇದೆ, ಎಲ್ಲ ಕೈಕೊಟ್ಟಾಗಿನ ಆಸರೆ ಅಷ್ಟೆ. ಐಫೋನಿನ ಲೆಗಸಿ ಕಾಂಟ್ಯಾಕ್ಟ್‌ಗೆ (ನಾವಿಲ್ಲದಾಗ ಡೇಟಾ ಪಡೆಯಲು ನಾವೇ ಹೆಸರಿಸಿದವರು) ಪ್ರವೇಶ ಕೀ ಜತೆಗೆ ಮರಣ ಪ್ರಮಾಣಪತ್ರ ಬೇಕು, ಐಫೋನ್ ತನ್ನ ಕೀಚೈನಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಅದರಲ್ಲಿ ಬರುವುದಿಲ್ಲ.

ಯುಪಿಐ ಪಿನ್, ಎಟಿಎಂ ಪಿನ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ನನ್ನ ಕಡತದಲ್ಲಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಸತ್ತವರ ಖಾತೆಯಿಂದ ಹಾಗೆ ಹಣ ತೆಗೆದರೆ ನಾಳೆ ವಾರಸುದಾರರ ನಡುವೆ ಜಗಳ, ಮೇಲೆ ಪೊಲೀಸ್ ದೂರು. ಇರುವುದಿಷ್ಟೇ: ಯಾವ ಬ್ಯಾಂಕ್, ಯಾವ ಶಾಖೆ, ಖಾತೆಯ ಕೊನೆಯ ನಾಲ್ಕಂಕಿ, ನಾಮಿನಿ ಯಾರು, ನಾಮಿನಿ ರಸೀದಿ ಎಲ್ಲಿದೆ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಪಾಲು ಹೇಳಿಯೂ ಮಾಡಬಹುದು. ಪಾಸ್‌ವರ್ಡನ್ನು ಉಯಿಲಿನಲ್ಲೂ ಬರೆಯಬೇಡಿ, ಅದು ಹತ್ತು ಕೈ ಓಡಾಡುವ ಕಾಗದ. ಒಬ್ಬರ ಹೆಸರಲ್ಲೇ ಇರುವ ಬ್ಯಾಂಕ್ ಲಾಕರಿನಲ್ಲಿ ಸ್ಟೀಲ್ ಪಟ್ಟಿ ಇಟ್ಟವರನ್ನು ನೋಡಿದ್ದೇನೆ. ಲಾಕರ್ ತೆಗೆಯಲು ಮೊದಲು ಮರಣ ಪ್ರಮಾಣಪತ್ರ, ಕ್ಲೇಮ್ ಅರ್ಜಿ, ಅಷ್ಟೂ ದಿನ ಪಟ್ಟಿ ಒಳಗೇ.

ಮೂವರಲ್ಲಿ ಒಬ್ಬರನ್ನು ಬದಲಿಸಿದರೆ ಹನ್ನೆರಡೂ ಪದವನ್ನು ಹೊಸದಾಗಿ ದಾಳ ಎಸೆದು ಆರಿಸಬೇಕು, ಮೂರೂ ಪಟ್ಟಿ ಹೊಸದಾಗಿ ಕೊರೆಯಬೇಕು. ಹಾಗೆ ಮಾಡಿದರೂ ಹಳೇ ಪೆನ್‌ಡ್ರೈವ್‌ನಲ್ಲಿರುವ ಪ್ರತಿ ಹಳೇ ಪದಗಳಿಗೇ ತೆರೆಯುತ್ತದೆ. ಮೂರನ್ನೂ ಒಂದೇ ದಿನ ವಾಪಸ್ ತರಿಸಿ ಅಳಿಸಿ, ಡ್ರೈವ್ ಖಾತೆಯಲ್ಲಿ ಉಳಿದ ಹಿಂದಿನ ಆವೃತ್ತಿಗಳನ್ನೂ ತೆಗೆದು, ಆಮೇಲೆ ಹೊಸ ಪಟ್ಟಿ ಹಂಚಿ.