ಹೊಸ ಹಾಡಿಗೆ ತೀರ್ಪು ಕೊಡುವ ಮುನ್ನ: ನನ್ನ ಅನುಭವ

ಶುಕ್ರವಾರ ಬಿಡುಗಡೆಯಾದ ಹಾಡಿನ ಬಗ್ಗೆ ಶುಕ್ರವಾರವೇ ಅಭಿಪ್ರಾಯ ಹೇಳಬಾರದು ಎಂಬುದು ನಾನು ಬಿಡದೆ ಪಾಲಿಸಿಕೊಂಡು ಬಂದಿರುವ ನಿಯಮ. ಹೊಸ ಹಾಡುಗಳಲ್ಲಿ ಯಾವುದು ಅತ್ಯುತ್ತಮ, ಯಾವುದು ತೀರಾ ಕಳಪೆ ಎಂದು ಬರೆಯುವುದು ನನ್ನ ಕೆಲಸ. ಹಾಗಾಗಿ ಈ ತಾಳ್ಮೆ ಸುಲಭದ್ದಲ್ಲ. 2015ರ ಜುಲೈ 10ರಿಂದ ನಲವತ್ತಕ್ಕೂ ಹೆಚ್ಚು ದೇಶಗಳ ಧ್ವನಿಮುದ್ರಣ ಉದ್ಯಮ ಬಿಡುಗಡೆಗೆ ಶುಕ್ರವಾರವನ್ನೇ ಗೊತ್ತುಮಾಡಿಕೊಂಡಿದೆ. ಅದಕ್ಕೂ ಮೊದಲು ಅಮೆರಿಕದಲ್ಲಿ ಮಂಗಳವಾರ, ಬ್ರಿಟನ್ನಿನಲ್ಲಿ ಸೋಮವಾರ ಎಂದು ಒಂದೊಂದು ದೇಶಕ್ಕೆ ಒಂದೊಂದು ದಿನವಿತ್ತು. ಈಗ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ, ಎಲ್ಲರೂ ಒಟ್ಟಿಗೆ ಮಾತನಾಡತೊಡಗುತ್ತಾರೆ, ಸಂಜೆಯ ಹೊತ್ತಿಗೆ ತೀರ್ಪೂ ಆಗಿಹೋಗಿರುತ್ತದೆ. ಕೇಳುವ ಕೆಲಸ ನಿಜವಾಗಿ ಶುರುವಾಗುವುದೇ ಅದರ ಮಾರನೆಯ ದಿನ.

ಶುಕ್ರವಾರ ನಾನು ಮಾಡುವುದು ಇಷ್ಟೇ. ಹೊಸದಾಗಿ ಬಂದದ್ದನ್ನೆಲ್ಲ ಒಂದು ಪಟ್ಟಿಗೆ ಸೇರಿಸಿ, ಕ್ರಮವನ್ನು ಕಲಸಿಹಾಕಿ, ಮೊಬೈಲನ್ನು ಮಗುಚಿಟ್ಟು ಒಂದು ಸುತ್ತು ಕೇಳುತ್ತೇನೆ. ಹೆಸರು, ಮುಖಚಿತ್ರ, ಎಷ್ಟು ಜನ ಕೇಳಿದ್ದಾರೆಂಬ ಲೆಕ್ಕ ಯಾವುದೂ ಕಣ್ಣಿಗೆ ಬೀಳಬಾರದು. ಪ್ರಸಿದ್ಧ ಗಾಯಕರ ದನಿಯ ಗುರುತು ಸಿಕ್ಕೇ ಸಿಗುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ಸಂಯೋಜಕರು ಯಾರು, ಸಾಹಿತ್ಯ ಯಾರದು, ಎಷ್ಟು ದೊಡ್ಡ ಸಂಸ್ಥೆ ಬೆನ್ನಿಗಿದೆ ಎಂಬುದು ಮೊದಲ ಸುತ್ತಿನಲ್ಲಿ ತಿಳಿಯದಿದ್ದರೆ ಕಿವಿ ಬೇರೆಯೇ ರೀತಿ ಕೆಲಸ ಮಾಡುತ್ತದೆ. ಹಾಡಿನ ದೃಶ್ಯವನ್ನಂತೂ ತೀರ್ಪು ಕೊಡುವವರೆಗೂ ನೋಡುವುದೇ ಇಲ್ಲ. ಸಂಗೀತ ಸ್ಪರ್ಧೆಗಳ ವಿಜೇತರನ್ನು ಗುರುತಿಸುವ ಒಂದು ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಧ್ವನಿಯನ್ನು ಮಾತ್ರ ಕೇಳಿದವರಿಗಿಂತ, ಧ್ವನಿಯಿಲ್ಲದ ದೃಶ್ಯವನ್ನು ಮಾತ್ರ ನೋಡಿದವರೇ ವಿಜೇತರನ್ನು ಹೆಚ್ಚು ಸರಿಯಾಗಿ ಊಹಿಸಿದ್ದರು. ಸಂಗೀತವನ್ನೇ ವೃತ್ತಿಯಾಗಿ ಮಾಡಿಕೊಂಡವರ ವಿಷಯದಲ್ಲೂ ಹಾಗೆಯೇ ಆಯಿತು. ತಜ್ಞರ ಕಿವಿಯ ಮೇಲೂ ಕಣ್ಣು ಅಷ್ಟು ಸವಾರಿ ಮಾಡುವುದಾದರೆ, ಕುಣಿತ, ಉಡುಪು, ಬೆಟ್ಟಗುಡ್ಡಗಳ ನಡುವೆ ಸಾಗುವ ಹಾಡನ್ನು ನೋಡುತ್ತಾ ನೋಡುತ್ತಾ ತೂಗಲು ನನಗೆ ಧೈರ್ಯವಿಲ್ಲ.

ಎರಡನೆಯ ದಿನದ ಕೆಲಸ ಸದ್ದನ್ನು ಸಮ ಮಾಡುವುದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೊಸ ಹಾಡುಗಳ ಬಗೆಗಿನ ಎಷ್ಟೋ ಅಭಿಪ್ರಾಯಗಳು ವಾಸ್ತವದಲ್ಲಿ ಸದ್ದಿನ ಮಟ್ಟದ ಬಗೆಗಿನ ಅಭಿಪ್ರಾಯಗಳು ಎಂಬುದು ನನ್ನ ದೃಢ ನಂಬಿಕೆ. ಒಂದೇ ಹಾಡನ್ನು ಎರಡು ಮಟ್ಟದಲ್ಲಿ ಕೇಳಿಸಿದರೆ, ತುಸು ಜೋರಾಗಿರುವುದೇ ಹೆಚ್ಚು ಚೆನ್ನಾಗಿದೆ ಎಂದು ಕೇಳುಗರಿಗೆ ಅನ್ನಿಸುತ್ತದೆ. ಜೋರಾಗಿದೆ ಎಂದು ಅನ್ನಿಸುವುದಿಲ್ಲ, ತುಂಬಿಕೊಂಡಿದೆ, ಜೀವಂತವಾಗಿದೆ ಎಂದು ಅನ್ನಿಸುತ್ತದೆ. ಇದಕ್ಕೆ ಕಾರಣ ನಮ್ಮ ಕಿವಿಯ ರಚನೆಯಲ್ಲೇ ಇದೆ. ಸದ್ದು ಕಡಿಮೆಯಿದ್ದಾಗ ಮಂದ್ರದ ಮತ್ತು ತೀರಾ ತಾರದ ಸ್ವರಗಳು ನಮಗೆ ಮಸುಕಾಗಿ ಕೇಳುತ್ತವೆ, ಸದ್ದು ಏರಿದಂತೆ ಅವೂ ಮೇಲೆದ್ದು ಬರುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು.

ಧ್ವನಿಮುದ್ರಣ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. 1990ರ ದಶಕದಿಂದ ಹಾಡುಗಳನ್ನು ಹೆಚ್ಚು ಹೆಚ್ಚು ಜೋರಾಗಿಸುವ ಪೈಪೋಟಿಯೇ ನಡೆಯಿತು. ಕಂಪ್ರೆಸರ್ ಮತ್ತು ಲಿಮಿಟರ್ ಎಂಬ ಸಾಧನಗಳನ್ನು ಬಳಸಿ ಮೆಲುದನಿಯನ್ನು ಮೇಲೆತ್ತುವುದು, ಏರಿದ ದನಿಯನ್ನು ತಲೆಯ ಮೇಲೆ ಒತ್ತುವುದು, ಆಮೇಲೆ ಒಟ್ಟು ಮಟ್ಟವನ್ನೇ ಏರಿಸುವುದು. ಹಾಗೆ ಮಾಡಿದ ಹಾಡಿನಲ್ಲಿ ಪಿಸುಮಾತಿಗೂ ಕೂಗಿಗೂ ಅಂತರ ಉಳಿಯುವುದಿಲ್ಲ. ಮೊದಲ ಬಾರಿ ಅದು ಅಬ್ಬರದಿಂದ ಗೆಲ್ಲುತ್ತದೆ, ನಾಲ್ಕನೆಯ ಬಾರಿಗೆ ದಣಿಸುತ್ತದೆ. ಈಗ ಸ್ಟ್ರೀಮಿಂಗ್ ಸೇವೆಗಳು ಎಲ್ಲ ಹಾಡುಗಳನ್ನೂ ಸುಮಾರು ಒಂದೇ ಮಟ್ಟಕ್ಕೆ ತರುತ್ತವೆ. ಸದ್ದಿನ ಮಟ್ಟವನ್ನು ಅಳೆಯುವ ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಸ್ಪಾಟಿಫೈ ಮೈನಸ್ 14 ಎಲ್‌ಯುಎಫ್‌ಎಸ್, ಆಪಲ್ ಮ್ಯೂಸಿಕ್ ಮೈನಸ್ 16 ಎಲ್‌ಯುಎಫ್‌ಎಸ್ ಆಸುಪಾಸನ್ನು ಗುರಿಯಾಗಿಟ್ಟುಕೊಂಡಿವೆ. ಆದರೆ ಆ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿಟ್ಟವರಿದ್ದಾರೆ. ಎರಡು ಬೇರೆ ಬೇರೆ ಸೇವೆಗಳಲ್ಲಿ ಕೇಳಿ ಹೋಲಿಸುವವರೂ ಇದ್ದಾರೆ. ನಾನು ಒಂದೇ ಸೇವೆಯಲ್ಲಿ, ಆ ಸೌಲಭ್ಯ ಚಾಲೂ ಇದೆಯೇ ಎಂದು ನೋಡಿಕೊಂಡೇ ಕೇಳುತ್ತೇನೆ. ಬೇರೆಯವರು ಕಳುಹಿಸಿದ ಕಡತವಾದರೆ ಉಚಿತವಾಗಿ ಸಿಗುವ ಅಳತೆಯ ತಂತ್ರಾಂಶದಲ್ಲಿ ಮಟ್ಟ ನೋಡಿ, ಜೋರಾದದ್ದನ್ನು ಇಳಿಸುತ್ತೇನೆ. ಕಡಿಮೆಯಿದ್ದದ್ದನ್ನು ಏರಿಸಿದರೆ ತುತ್ತತುದಿಯಲ್ಲಿ ಸ್ವರ ಹರಿದುಹೋಗುವ ಅಪಾಯವಿದೆ. ಇಷ್ಟು ಮಾಡಿದ ಮೇಲೆ ಶುಕ್ರವಾರದ ನನ್ನ ಪಟ್ಟಿ ಅಡಿಮೇಲಾಗದ ವಾರವೇ ಅಪರೂಪ. ಸೊರಗಿದಂತೆ ಕೇಳಿದ್ದ ಒಂದು ಹಾಡಿನಲ್ಲಿ ತಬಲಾದ ಬೆರಳುಗಳೂ ಗಾಯಕಿಯ ಉಸಿರೂ ಬೇರೆ ಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಅಬ್ಬರಿಸಿದ್ದ ಇನ್ನೊಂದು ಹಾಡು ಗೋಡೆಗೆ ಬಳಿದ ಸುಣ್ಣದಂತೆ ಉದ್ದಕ್ಕೂ ಒಂದೇ ಬಣ್ಣವಾಗುತ್ತದೆ.

ಮೂರನೆಯ ಸಮಸ್ಯೆ ರೂಢಿ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೊಂಕ್ 1968ರಲ್ಲಿ ಅರ್ಥವಿಲ್ಲದ ಪದಗಳನ್ನು, ಅಪರಿಚಿತ ಮುಖಗಳ ಚಿತ್ರಗಳನ್ನು ಜನರಿಗೆ ಮತ್ತೆ ಮತ್ತೆ ತೋರಿಸಿದರು. ಹೆಚ್ಚು ಬಾರಿ ಕಂಡದ್ದರ ಬಗ್ಗೆಯೇ ಜನರಿಗೆ ಹೆಚ್ಚು ಒಲವು ಬೆಳೆಯಿತು. ಹಾಡಿಗೂ ಇದು ಅನ್ವಯಿಸುತ್ತದೆ. ಪ್ರಚಾರದ ಬಲದಿಂದ ಎಲ್ಲೆಡೆ ಕಿವಿಗೆ ಬೀಳುವ ಹಾಡನ್ನು, ಒಂದೇ ಒಂದು ಬಾರಿ ಕೇಳಿ ಬಿಟ್ಟ ಹಾಡಿನೊಂದಿಗೆ ಹೋಲಿಸುವುದು ನ್ಯಾಯವಲ್ಲ. ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿ ಹಾಡಿಗೂ ಸಮಾನ ಸರದಿ ಕೊಡುತ್ತೇನೆ, ಬೆಳಿಗ್ಗೆ ಕೇಳಿದ್ದನ್ನು ಮುಂದಿನ ಬಾರಿ ರಾತ್ರಿ ಕೇಳುತ್ತೇನೆ, ನಡುವೆ ಕೆಲವು ದಿನ ಏನನ್ನೂ ಕೇಳದೆ ಬಿಡುತ್ತೇನೆ. ಆ ಬಿಡುವು ಬಹಳ ಮುಖ್ಯ. ಕೇಳದ ದಿನಗಳಲ್ಲಿ ಯಾವ ಹಾಡು ತಾನಾಗಿ ನೆನಪಿಗೆ ಬಂತು, ಅದರ ಯಾವ ಜಾಗ ಬಂತು ಎಂದು ಬರೆದಿಟ್ಟುಕೊಳ್ಳುತ್ತೇನೆ.

ಇಲ್ಲಿ ಒಂದು ಎಚ್ಚರವಿದೆ. ತಲೆಯಲ್ಲಿ ಕುಳಿತು ಕಾಡುವುದೆಲ್ಲ ಒಳ್ಳೆಯ ಹಾಡಲ್ಲ. ಎರಡು ಪದಗಳನ್ನು ಹತ್ತಾರು ಬಾರಿ ಹೇಳಿಸಿದರೆ ಯಾವುದಾದರೂ ಕುಳಿತುಕೊಳ್ಳುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ನೆನಪಾದಾಗ ಆ ಹಾಡನ್ನು ಮತ್ತೆ ಹಾಕಬೇಕು ಎನ್ನಿಸಿತೋ, ಅಥವಾ ಹೇಗಾದರೂ ತೊಲಗಿದರೆ ಸಾಕು ಎನ್ನಿಸಿತೋ? ಕಾಡುವ ಹಾಡು ಪಲ್ಲವಿಯ ತುಣುಕಾಗಿ ಮಾತ್ರ ಉಳಿದಿರುತ್ತದೆ. ಕರೆಯುವ ಹಾಡು ಚರಣದ ನಡುವಿನ ಒಂದು ತಿರುವಿನಿಂದ, ನಿರೀಕ್ಷಿಸದ ಕಡೆ ನಿಂತ ತಾಳದಿಂದ, ಒಂದು ಸಾಲಿನ ಅರ್ಥದಿಂದ ಕರೆಯುತ್ತದೆ. ವರ್ಷಗಟ್ಟಲೆ ಈ ಟಿಪ್ಪಣಿ ಇಟ್ಟ ಮೇಲೂ ಇದಕ್ಕಿಂತ ಭರವಸೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಇನ್ನು ಜನಪ್ರಿಯತೆಯ ಅಂಕಿ. ಅದನ್ನು ನಾನು ಏಕೆ ಮುಚ್ಚಿಡುತ್ತೇನೆಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಪ್ರಯೋಗವೇ ಉತ್ತರ. ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹೆಸರೇ ಕೇಳಿರದ ತಂಡಗಳ 48 ಹಾಡುಗಳು, 14 ಸಾವಿರಕ್ಕೂ ಹೆಚ್ಚು ಕೇಳುಗರು. ಒಂದು ಗುಂಪಿಗೆ ಹಾಡುಗಳ ಮತ್ತು ತಂಡಗಳ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಪರಸ್ಪರ ಸಂಬಂಧವಿಲ್ಲದ ಎಂಟು ಲೋಕಗಳಲ್ಲಿ ಹಂಚಿ, ಅವರವರ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬುದನ್ನೂ ತೋರಿಸಲಾಯಿತು. ಅಂಕಿ ಕಂಡ ಕಡೆಯೆಲ್ಲ ಗೆದ್ದವು ಇನ್ನಷ್ಟು ಗೆದ್ದವು, ಸೋತವು ಇನ್ನಷ್ಟು ಸೋತವು. ಅಷ್ಟೇ ಅಲ್ಲ, ಒಂದು ಲೋಕದಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ಎಲ್ಲೋ ಕೆಳಗಿತ್ತು. ಆದರೆ, ನನಗೆ ಮುಖ್ಯವಾದದ್ದು ಇದು, ನಿಜಕ್ಕೂ ಒಳ್ಳೆಯ ಹಾಡುಗಳು ತೀರಾ ಕೆಳಗೆ ಬಿದ್ದದ್ದು ಅಪರೂಪ, ತೀರಾ ಕೆಟ್ಟವು ಮೇಲೇರಿದ್ದೂ ಅಪರೂಪ. ನಡುವಿನವುಗಳಿಗೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. ಇವರಲ್ಲಿ ಇಬ್ಬರು ಮುಂದೆ 2008ರಲ್ಲಿ ಇನ್ನೊಂದು ಪ್ರಯೋಗ ಮಾಡಿ, ಜನಪ್ರಿಯತೆಯ ಪಟ್ಟಿಯನ್ನೇ ತಲೆಕೆಳಗು ಮಾಡಿ ತೋರಿಸಿದರು. ಸುಳ್ಳು ಅಂಕಿಯ ಪ್ರಭಾವ ಸಾಕಷ್ಟು ನಡೆಯಿತು, ಆದರೂ ಅತ್ಯುತ್ತಮವಾದವು ನಿಧಾನವಾಗಿ ಮತ್ತೆ ಮೇಲಕ್ಕೆ ಬಂದವು.

ನನ್ನ ಬರವಣಿಗೆಯ ರೂಪ ಬದಲಾದದ್ದು ಇದನ್ನು ಓದಿದ ಮೇಲೆ. ಮೊದಲು ಒಂದರಿಂದ ಇಪ್ಪತ್ತರವರೆಗೆ ಕ್ರಮಾಂಕ ಕೊಡುತ್ತಿದ್ದೆ. ಈಗ ಎರಡು ತುದಿಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಏಳನೆಯದು ಒಂಬತ್ತನೆಯದಕ್ಕಿಂತ ಏಕೆ ಮೇಲು ಎಂದು ಯಾರಾದರೂ ಕೇಳಿದರೆ ಪ್ರಾಮಾಣಿಕವಾದ ಉತ್ತರ ಯಾರ ಬಳಿಯೂ ಇರುವುದಿಲ್ಲ. ಆದರೆ ಒಂದು ವಾರದಲ್ಲಿ ಬಂದ ಹಾಡುಗಳಲ್ಲಿ ಯಾವುದು ಎದೆಗೆ ತಾಗಿತು, ಯಾವುದು ಕೈಕೊಟ್ಟಿತು ಎಂಬುದಕ್ಕೆ ಉತ್ತರವಿರುತ್ತದೆ, ಕಾರಣವನ್ನೂ ಹಾಡಿನೊಳಗೇ ತೋರಿಸಬಹುದು.

ಹಾಗೆ ತೋರಿಸಲು ಹಾಡನ್ನು ಬಿಚ್ಚಿ ಕೇಳಬೇಕಾಗುತ್ತದೆ. ಒಂದು ಸುತ್ತು ಸಾಹಿತ್ಯಕ್ಕಾಗಿಯೇ ಮೀಸಲು. ಮೊದಲು ಸಾಲುಗಳನ್ನು ಕಾಗದದ ಮೇಲೆ ಬರೆದುಕೊಂಡು, ಹಾಡಿಲ್ಲದೆ ಗಟ್ಟಿಯಾಗಿ ಓದುತ್ತೇನೆ. ರಾಗ ಮೊದಲು ಸಿದ್ಧವಾಗಿ ಪದಗಳು ಆಮೇಲೆ ಬಂದು ಕೂರುವ ಹಾಡುಗಳಲ್ಲಿ ಒಂದು ಹಳೆಯ ರೋಗವಿದೆ: ಹ್ರಸ್ವ ಸ್ವರ ದೀರ್ಘವಾಗುತ್ತದೆ, ಒತ್ತಕ್ಷರ ಕರಗುತ್ತದೆ, ಪದ ಅರ್ಧದಲ್ಲಿ ಮುರಿದು ಅದರ ಬಾಲ ಮುಂದಿನ ತಾಳಕ್ಕೆ ಜಾರುತ್ತದೆ. ಸ್ವರದ ಉದ್ದ ಬದಲಾದರೆ ಪದವೇ ಬದಲಾಗಿಬಿಡುವ ಕನ್ನಡದಂತಹ ಭಾಷೆಯಲ್ಲಿ ಇದು ಸಣ್ಣ ಕುಂದಲ್ಲ. ಒಳ್ಳೆಯ ಸಂಯೋಜಕರು ಹೀಗಾಗದಂತೆ ರಾಗವನ್ನೇ ತುಸು ಬಾಗಿಸುತ್ತಾರೆ, ಅಕ್ಷರಕ್ಕೆ ಒಂದು ಮಾತ್ರೆ ಜಾಗ ಬಿಟ್ಟುಕೊಡುತ್ತಾರೆ. ಆ ಒಂದು ಮಾತ್ರೆ ಕಿವಿಗೆ ಬಿದ್ದಾಗ ನನಗೆ ಆಗುವ ಸಂತೋಷ ದೊಡ್ಡದು. ಅದನ್ನು ಬರೆಯದೆ ಬಿಡುವುದಿಲ್ಲ.

ಆರಂಭದ ವಾದ್ಯಭಾಗವನ್ನೂ ಗಮನಿಸುತ್ತೇನೆ. 1986ರಿಂದ 2015ರವರೆಗಿನ ಅಮೆರಿಕದ ಜನಪ್ರಿಯ ಹಾಡುಗಳನ್ನು ಪರಿಶೀಲಿಸಿದ ಒಂದು ಅಧ್ಯಯನದ ಪ್ರಕಾರ, ದನಿ ಶುರುವಾಗುವ ಮುನ್ನ 20 ಸೆಕೆಂಡಿಗೂ ಹೆಚ್ಚಿದ್ದ ಆ ಭಾಗ ಸುಮಾರು 5 ಸೆಕೆಂಡಿಗೆ ಇಳಿದಿದೆ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದ ಮೇಲಷ್ಟೇ ಒಂದು ಆಲಿಕೆ ಲೆಕ್ಕಕ್ಕೆ ಬರುತ್ತದೆ. ಕೇಳುಗ ಅಷ್ಟರೊಳಗೆ ಓಡಿಹೋಗದಂತೆ ಹಿಡಿಯುವ ಒತ್ತಡ ಎಲ್ಲ ಸಂಯೋಜಕರ ಮೇಲೂ ಇದೆ. ಚಿಕ್ಕ ಆರಂಭವೇ ತಪ್ಪು ಎನ್ನಲಾರೆ. ಆದರೆ ರಾಗದ ವಾತಾವರಣ ಕಟ್ಟಿಕೊಳ್ಳುವ ಮೊದಲೇ ಪಲ್ಲವಿಯನ್ನು ಕೂಗಿಸಿ, ಆಮೇಲೆ ಮೂರು ನಿಮಿಷ ಅದನ್ನೇ ತಿರುಗಿಸುವ ಹಾಡನ್ನು ಕೇಳಿದಾಗ ಬೇಸರವಾಗುತ್ತದೆ. 1997ರಲ್ಲಿ ಬಂದ, ಹಾಡುವವರ ಶ್ರುತಿಯನ್ನು ತಿದ್ದುವ ಆಟೋಟ್ಯೂನ್ ತಂತ್ರಾಂಶದ ಬಗ್ಗೆಯೂ ನನ್ನ ನಿಲುವು ಇಂಥದ್ದೇ. ಅದನ್ನು ವಾದ್ಯದಂತೆ ಬೇಕೆಂದೇ ಬಳಸಿದ ಸೊಗಸಾದ ಹಾಡುಗಳಿವೆ. ಗಾಯಕರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಾದಿಯನ್ನೇ ಅದು ಅಳಿಸಿಹಾಕಿ ಮೆಟ್ಟಿಲು ಮಾಡಿದ್ದರೆ ಮಾತ್ರ ನಾನು ಅದನ್ನು ಕುಂದೆಂದು ಬರೆಯುತ್ತೇನೆ.

ಕೇಳುವ ಉಪಕರಣದ ಬಗ್ಗೆ ಒಂದೇ ಮಾತು: ಹೆಡ್‌ಫೋನಿನಲ್ಲೂ ಮೊಬೈಲಿನ ಸ್ಪೀಕರಿನಲ್ಲೂ ಎರಡು ಕಡೆ ಕೇಳದೆ ಬರೆಯುವುದಿಲ್ಲ. ಮೊಬೈಲಿನ ಪುಟ್ಟ ಸ್ಪೀಕರಿಗೆ ಮಂದ್ರ ಸ್ವರಗಳನ್ನು ಹೊರಡಿಸಲು ಆಗುವುದಿಲ್ಲ; ಬೇಸ್ ಮೇಲೆಯೇ ನಿಂತ ಹಾಡು ಅಲ್ಲಿ ಎಲುಬಿಲ್ಲದಂತಾಗುತ್ತದೆ.

ಅತ್ಯಂತ ಕಷ್ಟದ ಭಾಗ ಕಳಪೆ ಹಾಡಿನ ಬಗ್ಗೆ ಬರೆಯುವುದು. ನನಗೆ ಹಿಡಿಸದ ಹಾಡು ಬೇರೆ, ಕೆಟ್ಟ ಹಾಡು ಬೇರೆ. ಕೆಲವು ಪ್ರಕಾರಗಳಿಗೆ ನನ್ನ ಕಿವಿ ಒಗ್ಗಿಲ್ಲ. ಅವುಗಳಲ್ಲಿ ಬಂದ ಹಾಡನ್ನು ಆ ಪ್ರಕಾರವನ್ನು ಪ್ರೀತಿಸುವ ಗೆಳೆಯರಿಗೆ ಕೇಳಿಸಿ, ಅವರು ಎಲ್ಲಿ ತಲೆದೂಗುತ್ತಾರೆ, ಎಲ್ಲಿ ಮುಖ ತಿರುಗಿಸುತ್ತಾರೆ ಎಂದು ನೋಡುತ್ತೇನೆ. ಮೊದಲ ಹಾಡು ಬಿಡುಗಡೆ ಮಾಡಿದ, ಕೈಯಲ್ಲಿ ಏನೂ ಇಲ್ಲದ ಹೊಸಬರ ಹೆಸರನ್ನು ಕಳಪೆಯ ಪಟ್ಟಿಯಲ್ಲಿ ಎಂದೂ ಹಾಕುವುದಿಲ್ಲ. ಅವರ ಹಾಡು ಸೋತಿದ್ದರೆ ಮೌನವೇ ಸಾಕು. ಆ ಪಟ್ಟಿ ಇರುವುದು ಅನುಭವ, ಹಣ, ಒಳ್ಳೆಯ ವಾದಕರು, ಸಮಯ ಎಲ್ಲವೂ ಇದ್ದು, ತಮ್ಮದೇ ಹಳೆಯ ಹಾಡಿನ ಅಚ್ಚಿನಲ್ಲಿ ಇನ್ನೊಂದನ್ನು ಎರಕ ಹೊಯ್ದು ಹೊಸದೆಂದು ಕೊಡುವವರಿಗೆ. ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕೇಳುಗರು ತಮ್ಮ ದಿನದ ನಾಲ್ಕು ನಿಮಿಷ ಕೊಟ್ಟಿರುತ್ತಾರೆ. ಅದಕ್ಕೆ ಪ್ರತಿಯಾಗಿ ಒಂದಾದರೂ ಹೊಸ ಆಲೋಚನೆ ಸಿಗಬೇಡವೇ?

ಬರೆಯುವಾಗ ಪ್ರತಿ ಆಕ್ಷೇಪಕ್ಕೂ ಹಾಡಿನ ನಿಮಿಷ, ಸೆಕೆಂಡನ್ನು ನಮೂದಿಸುತ್ತೇನೆ. ‘ಸಪ್ಪೆಯಾಗಿದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎರಡನೆಯ ಚರಣ ಮೊದಲನೆಯದರ ನಕಲು, ಅಲ್ಲಿ ವಾದ್ಯವೂ ಬದಲಾಗಿಲ್ಲ, ಭಾವವೂ ಏರಿಲ್ಲ ಎಂದು ಹೇಳಿ ಜಾಗ ತೋರಿಸಿದರೆ ಓದುಗರು ಅಲ್ಲಿಗೇ ಹೋಗಿ ಕೇಳಿ ನನ್ನನ್ನು ಪರೀಕ್ಷಿಸಬಹುದು. ಹೊಗಳಿಕೆಗೂ ಇದೇ ನಿಯಮ. ಜಾಗ ತೋರಿಸಲಾಗದ ಹೊಗಳಿಕೆಯನ್ನು ಅಳಿಸಿಬಿಡುತ್ತೇನೆ, ಎಷ್ಟೇ ಸುಂದರವಾದ ವಾಕ್ಯವಾಗಿದ್ದರೂ ಸರಿ.

ವರ್ಷದ ಕೊನೆಯಲ್ಲಿ ಈ ಟಿಪ್ಪಣಿಗಳನ್ನೆಲ್ಲ ಮುಂದಿಟ್ಟುಕೊಂಡು ಎರಡೂ ತುದಿಯ ಹಾಡುಗಳನ್ನು ಮತ್ತೆ ಕೇಳುತ್ತೇನೆ. ಮೊದಲ ತಿಂಗಳುಗಳಲ್ಲಿ ಬಂದ ಹಾಡುಗಳಿಗೆ ಆಗ ಅನ್ಯಾಯವಾಗುವ ಸಂಭವ ಹೆಚ್ಚು, ಏಕೆಂದರೆ ಇತ್ತೀಚಿನವು ಕಿವಿಯಲ್ಲಿ ಇನ್ನೂ ತಾಜಾ ಆಗಿರುತ್ತವೆ. ಹಾಗಾಗಿ ಹಳೆಯವುಗಳಿಂದಲೇ ಶುರು ಮಾಡುತ್ತೇನೆ. ಒಪ್ಪದ ಓದುಗರ ಪತ್ರಗಳು ಬರುತ್ತವೆ, ಖಾರವಾದವೂ ಇರುತ್ತವೆ. ಅವುಗಳಲ್ಲಿ ಹಾಡಿನ ಒಂದು ಜಾಗವನ್ನು ಹೆಸರಿಸಿ ‘ಇಲ್ಲಿ ಕೇಳಿ ನೋಡಿ’ ಎಂದು ಬರೆದ ಪತ್ರವಿದ್ದರೆ, ಬೇರೆಲ್ಲ ಕೆಲಸ ಬದಿಗಿಟ್ಟು ಮೊದಲು ಆ ಹಾಡನ್ನು ಹಾಕುತ್ತೇನೆ.